ಎರಡನೇ ರಿಮೋಟಿನ ವೈರು

ಏಪ್ರಿಲ್ ೬, ೨೦೨೫, ಭಾನುವಾರ

ವಿಡಿಯೋ ಗೇಮಿನ ಕ್ಯಾಸೆಟ್ಟಿಗೆ ಬಾಯಿಂದ ಊದಬಾರದು. ಮೂವತ್ತು ವರ್ಷದಿಂದ ಜನ ಊದುತ್ತಲೇ ಬಂದಿದ್ದಾರೆ. ಊದಿದರೆ ಎಂಜಲು ಸಿಡಿದು ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ, ಅಷ್ಟೇ. ಆಟ ಬರುವುದು ಎರಡನೇ ಸಲ ನೆಟ್ಟಗೆ ಕೂರಿಸಿದ್ದರಿಂದ. ಪುಣ್ಯ ಮಾತ್ರ ಊದಿದವನಿಗೆ ಹೋಗುತ್ತದೆ.

ಈ ನೋಟುಬುಕ್ಕು ಇಂಥ ಮಾತಿಗೆಂದೇ ಇಟ್ಟದ್ದು. ಆಟದ ವಿಷಯ ಬಿಟ್ಟು ಬೇರೇನೂ ಬರೆಯುವುದಿಲ್ಲ. ಮನೆಯಲ್ಲಿ ಕೇಳುವವರಿಲ್ಲ. ಹೆಂಡತಿ ಶಿವಗಂಗಾ ಇಲ್ಲಿಗೆ ಹತ್ತಿರದ ಅರಸೀಕೆರೆಯ ಶಾಲೆಯಲ್ಲಿ ದಿನವಿಡೀ ಮಕ್ಕಳ ಮಾತು ಕೇಳಿ ಬಸ್ಸಿನಲ್ಲಿ ಬಂದಿರುತ್ತಾಳೆ. ಮನೆಯಲ್ಲಿ ಇನ್ನೊಂದು ಮಗುವಿನ ಮಾತು ಕೇಳುವ ಶಕ್ತಿ ಅವಳಿಗಿಲ್ಲವಂತೆ. ಮಗಳು ಮಿತ್ರಾಗೆ ಹತ್ತು ವರ್ಷ, ಆಡುತ್ತಾಳೆ, ಕೇಳುವುದಿಲ್ಲ. ಅವ್ವನ ಲೆಕ್ಕದಲ್ಲಿ ಧಾರಾವಾಹಿ ಬಿಟ್ಟು ಟಿವಿಯಲ್ಲಿ ಏನು ಬಂದರೂ ಕರೆಂಟು ದಂಡ. ಕೊಟ್ಟೂರಿನ ತಾಲ್ಲೂಕು ಕಚೇರಿಯಲ್ಲಿ ನನ್ನಂಥ ಮೂವತ್ತೊಂಬತ್ತು ವರ್ಷದ ಪ್ರಥಮ ದರ್ಜೆ ಸಹಾಯಕ ವಿಡಿಯೋ ಗೇಮಿನ ಮಾತೆತ್ತಿದರೆ ಅರ್ಜಿ ಹಿಡಿದು ನಿಂತವರೂ ನಗುತ್ತಾರೆ.

ಕೇಳುವವನು ಶಿವಶಂಕರ ಒಬ್ಬನೇ. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹನ್ನೊಂದು ವರ್ಷದವರಿದ್ದಾಗಿನಿಂದ ನಾವು ಜೊತೆಗೆ ಆಡಿದವರು. ಇವತ್ತು ಬೆಳಿಗ್ಗೆ ಫೋನ್ ಮಾಡಿದ.

"ಲೇ ಕ್ರಾಂತಿ, ಅಪ್ಪನ ಗೇಮ್ ಅಂಗಡಿ ಮತ್ತ ತೆಗಿಯೋಣು. ಬರೇ ಹಳೇವು. ಹೊಸಾವು ಒಂದೂ ಬ್ಯಾಡ."

"ಮಷೀನ್ ಎಲ್ಲಿಂದ ತರ್ತಿ?"

"ಅರ್ಧ ಜಿಲ್ಲಾದ್ದು ನಿನ್ನ ಹತ್ರಾನ ಐತಲ್ಲಲೇ."

ಅದು ನಿಜ. ಹನ್ನೊಂದು ಮಷೀನು, ನೂರಾ ನಲವತ್ತು ಕ್ಯಾಸೆಟ್ಟು, ಎರಡು ಆಟದ ಬಂದೂಕು. ಎಲ್ಲ ನಾನೇ ರಿಪೇರಿ ಮಾಡಿದ್ದು. ಬಸವ ಜಯಂತಿಯ ದಿನ, ಅಂದರೆ ಮೂವತ್ತಕ್ಕೆ, ತೆರೆಯಬೇಕಂತೆ. ಅವರಪ್ಪ ಪಕ್ಕೀರಪ್ಪನವರು ಎಂಬತ್ತಕ್ಕೆ ಬಂದರು, ಅವರ ಕೈಯಿಂದಲೇ ರಿಬ್ಬನ್ ಕತ್ತರಿಸಬೇಕಂತೆ.

"ಇನ್ನೊಂದು. ಬಾಗಲ ಮ್ಯಾಲೆ ಅಪ್ಪನ ಬಗ್ಗೆ ಒಂದು ಬೋರ್ಡು ಹಾಕಸ್ತೀನಿ. ನಾಕು ಸಾಲು ನೀನಾ ಬರಕೊಡಬೇಕು. ಇಲ್ಲಿ ಎಲ್ಲಾ ಮಕ್ಳು ಒಂದಾಗಿ ಆಡಿದ್ರು ಅಂತ ಬರಿ. ಬಸವ ಜಯಂತಿಗೆ ಒಪ್ತೈತಿ."

ಆಯಿತು ಬಿಡು ಅಂದೆ. ನಾಲ್ಕು ಸಾಲು ಏನು ದೊಡ್ಡ ಕೆಲಸ. ಕಚೇರಿಯಲ್ಲಿ ದಿನಕ್ಕೆ ನಲವತ್ತು ಬರೆಯುತ್ತೇನೆ.

ಏಪ್ರಿಲ್ ೯, ಬುಧವಾರ

ಬೋರ್ಡಿಗೆ ಮೊದಲ ಸಾಲು: "ಪಕ್ಕೀರಪ್ಪನವರು ೧೯೯೭ರಲ್ಲಿ ಈ ಓಣಿಗೆ ವಿಡಿಯೋ ಗೇಮ್ ತಂದರು." ಚೆನ್ನಾಗಿದೆ. ಎರಡನೇ ಸಾಲು ನಾಳೆ.

ಆ ಅಂಗಡಿಯ ವಿಷಯ ನೆನಪಿದ್ದಷ್ಟು ಬರೆದುಕೊಂಡರೆ ಅನುಕೂಲ. ಒಂದು ಕೋಣೆ, ಒಂದು ಟಿವಿ, ಒಂದು ಮಷೀನು. ಅರ್ಧ ಗಂಟೆಗೆ ಐದು ರೂಪಾಯಿ. ಕಂಟ್ರೋಲರ್ ಅನ್ನುವ ಪದ ಆಗ ನಮಗೆ ಗೊತ್ತಿರಲಿಲ್ಲ, ರಿಮೋಟು ಅನ್ನುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ "ಒಂಬತ್ತು ಲಕ್ಷ ಆಟ" ಎಂದು ಬರೆದಿರುತ್ತಿತ್ತು. ಇದ್ದದ್ದು ಏಳು. ಆ ಏಳರಲ್ಲಿ ಟ್ಯಾಂಕಿನ ಆಟಕ್ಕೆ ಸಮನಾದದ್ದು ಇವತ್ತಿಗೂ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ಇಬ್ಬರು ಸೇರಿ ಒಂದು ಕೋಟೆ ಕಾಯಬೇಕು. ಹಳದಿ ಟ್ಯಾಂಕು ಶಿವಶಂಕರನದು, ಹಸಿರು ನನ್ನದು. ಈಗಿನ ಆಟಗಳಲ್ಲಿ ನೂರು ಜನ ವಿಮಾನದಿಂದ ಹಾರಿ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಅದರಲ್ಲಿ ಕಾಯುವುದು ಏನೂ ಇಲ್ಲ.

ನಮ್ಮ ಕೇರಿಯ ಹುಡುಗರು ಹೊರಗಿನ ಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದೆವು. ಒಳಗೆ ಸೆಕೆ, ಹೊರಗೆ ಗಾಳಿ ಚೆನ್ನಾಗಿತ್ತು. ದೂರದಿಂದ ನೋಡಿ ಆಡಿದ್ದರಿಂದಲೇ ನನ್ನ ಕಣ್ಣು ಅಷ್ಟು ಚುರುಕಾಯಿತು ಎಂದು ನಾನು ನಂಬಿದ್ದೇನೆ.

ಏಪ್ರಿಲ್ ೧೨, ಎರಡನೇ ಶನಿವಾರ

ರಜೆ. ಹಡಗಲಿಗೆ ಹೋಗಿ ಡಬ್ಬಾ ಟಿವಿ ತಂದೆ. ಬಾತುಕೋಳಿಗೆ ಗುಂಡು ಹೊಡೆಯುವ ಬಂದೂಕು ಈಗಿನ ಚಪ್ಪಟೆ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಹಳೆಯ ಟಿವಿಯ ಬೆಳಕು ಗೆರೆಗೆರೆಯಾಗಿ ಮೇಲಿಂದ ಕೆಳಗೆ ಬರುತ್ತದೆ, ಬಂದೂಕಿನ ಕಣ್ಣು ಅದನ್ನೇ ಹುಡುಕುತ್ತದೆ. ಹೊಸ ಟಿವಿಯ ಮುಂದೆ ಅದು ಕುರುಡು. ಇದನ್ನು ಎಷ್ಟು ಜನಕ್ಕೆ ಹೇಳಿದರೂ "ಬಂದೂಕು ಕೆಟ್ಟೈತಿ" ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಟಿವಿ ಇದ್ದದ್ದು ಕಲ್ಯಾಣಮ್ಮ ಎಂಬ ನಿವೃತ್ತ ನರ್ಸಮ್ಮನ ಮನೆಯಲ್ಲಿ. ಅದರ ಮೇಲೆ ಮಿಕ್ಸಿ ಇಟ್ಟಿದ್ದರು.

"ಒಯ್ರಿ, ಆದ್ರ ಮಿಕ್ಸಿ ಇಡಾಕ ಒಂದು ಸ್ಟೂಲ್ ಕೊಡಸ್ರಿ" ಅಂದರು.

ಸ್ಟೂಲು ಕೊಡಿಸಿ ಟಿವಿ ತಂದೆ. ಚಿತ್ರ ಅಪ್ಪಟ. ಎರಡನೇ ಸಾಲು ಇನ್ನೂ ಬರೆದಿಲ್ಲ.

ಏಪ್ರಿಲ್ ೧೩, ಭಾನುವಾರ

ಶಿವಶಂಕರನ ಮನೆಯ ಅಟ್ಟದಿಂದ ಇಳಿಸಿದ ಮೂಲ ಮಷೀನು ನನ್ನ ಟೇಬಲ್ಲಿಗೆ ಬಂತು. ೧೯೯೭ರದೇ. ಅಡಾಪ್ಟರ್ ಸತ್ತಿದೆ, ಒಳಗಿನದೆಲ್ಲ ಜೀವಂತ. ಮೊದಲನೇ ರಿಮೋಟಿನ ರಬ್ಬರು ಸವೆದಿದೆ, ಬದಲಿಸಿದೆ.

ಎರಡನೇ ರಿಮೋಟು ತೆಗೆದುಕೊಂಡಾಗ ಒಂದು ವಿಶೇಷ ಕಂಡಿತು. ಕಂಪನಿ ಕೊಡುವ ವೈರು ಮೂರು ಅಡಿ. ಇದಕ್ಕೆ ಆರು ಅಡಿ ಬೇರೆ ವೈರು ಸೇರಿಸಿದ್ದಾರೆ. ಒಳಗೆ ಐದು ಎಳೆ. ಐದನ್ನೂ ಒಂದೇ ಕಡೆ ಕತ್ತರಿಸದೆ ಹಿಂದೆ ಮುಂದೆ ಕತ್ತರಿಸಿ, ಒಂದಕ್ಕೊಂದು ತಾಗದ ಹಾಗೆ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿ ಮಾಡಿ ಕೂರಿಸಿದ್ದಾರೆ. ರೇಡಿಯೋ ರಿಪೇರಿ ಸುಂಕಪ್ಪನ ಕೈ, ನೋಡಿದರೆ ಗೊತ್ತಾಗುತ್ತದೆ. ಇಪ್ಪತ್ತೆಂಟು ವರ್ಷವಾದರೂ ಒಂದು ಎಳೆ ಕಿತ್ತಿಲ್ಲ. ಇಂಥ ಕೆಲಸ ಈಗ ನೋಡಲು ಸಿಗುವುದಿಲ್ಲ.

ಮೊದಲನೇ ರಿಮೋಟಿಗೆ ಏನೂ ಸೇರಿಸಿಲ್ಲ. ಅದು ಮೂರು ಅಡಿಯೇ ಇದೆ. ಎರಡಕ್ಕೂ ಮಾಡಿಸಬಹುದಿತ್ತು, ಖರ್ಚೆಂದು ಬಿಟ್ಟಿರಬೇಕು. ಟಿವಿ ಇದ್ದ ಗೋಡೆಯಿಂದ ಹೊಸ್ತಿಲು ದಾಟಿ ಕಟ್ಟೆಯ ತನಕ ಒಂಬತ್ತು ಅಡಿ ಇದ್ದೀತು.

ಈ ಮಷೀನುಗಳ ಎರಡನೇ ರಿಮೋಟಿನಲ್ಲಿ ಸ್ಟಾರ್ಟ್ ಗುಂಡಿ ಇರುವುದಿಲ್ಲ. ತಯಾರಿಸಿದವರೇ ಇಟ್ಟಿಲ್ಲ. ಆಟ ಶುರು ಮಾಡುವುದು, ನಿಲ್ಲಿಸುವುದು ಎಲ್ಲ ಮೊದಲನೆಯವನ ಕೈಯಲ್ಲಿ. ಹಾಗಾಗಿ ನಾನು ಒಬ್ಬನೇ ಹೋದರೆ ದುಡ್ಡಿದ್ದರೂ ಆಟವಿಲ್ಲ. ಒಳಗಿನಿಂದ ಯಾರಾದರೂ ಒತ್ತಬೇಕು. ಶಿವಶಂಕರ ಓದುವುದನ್ನು ಬಿಟ್ಟು ಓಡಿ ಬಂದು ಒತ್ತುತ್ತಿದ್ದ. ನನ್ನ ಮುಖ ಕಂಡರೆ ಸಾಕು, ಬಂದುಬಿಡುತ್ತಿದ್ದ. ನಮ್ಮ ಗೆಳೆತನ ಶುರುವಾದದ್ದು ಹಾಗೆ.

ಏಪ್ರಿಲ್ ೧೪, ಸೋಮವಾರ

ಅಂಬೇಡ್ಕರ್ ಜಯಂತಿ. ಬೆಳಿಗ್ಗೆ ಮೆರವಣಿಗೆಯಲ್ಲಿ ಹೋಗಿ ಬಂದೆ. ಮಿತ್ರಾ ನೀಲಿ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ಇದ್ದಳು.

ಮಧ್ಯಾಹ್ನ ಅವ್ವ ಕಡಲೆ ಬೇಳೆ ಆರಿಸುತ್ತಿದ್ದಳು. ಬೋರ್ಡಿನ ಎರಡನೇ ಸಾಲಿಗೆ ಏನಾದರೂ ಸಿಕ್ಕೀತೆಂದು ಕೇಳಿದೆ.

"ಅವ್ವಾ, ಪಕ್ಕೀರಪ್ಪನವರ ಗೇಮ್ ಅಂಗಡಿ ನೆನಪೈತೇನು?"

"ಯಾಕಿಲ್ಲ. ನಿಮ್ಮಪ್ಪ ಒಂದ್ಸಲ ನಿನ್ನ ಎಬ್ಬಿಸ್ಕೊಂಡು ಬರ್ತೀನಂತ ಅಲ್ಲಿಗೆ ಹೋಗಿದ್ದ. ಸಿಟ್ಟೀಲೆ ಹೋಗಿದ್ದ. ನಿನ್ನ ಮಗನ್ನ ಹೊರಗ ಕಟ್ಟಿ ಮ್ಯಾಲೆ ಕುಂದರ್ಸ್ಯಾರ ಅಂತ ಯಾರೋ ಹೇಳಿದ್ರಂತ."

"ನನಗ ಗೊತ್ತಾ ಇಲ್ಲ."

"ಹೆಂಗ ಗೊತ್ತಾಕೈತಿ, ಬರಿಗೈಲೆ ತಿರುಗಿ ಬಂದ. ನನ್ನ ಕರದು, ಹುಲುಗಿ, ಹುಡುಗ ನಗಾಕತ್ಯಾನ, ಹಂಗ ನಗಾದು ನಾ ನೋಡಿದ್ದಿಲ್ಲ, ಹೆಂಗ ಎಬ್ಬಿಸ್ಲಿ ಅಂದ. ತಡಿಯೋಣು, ದೊಡ್ಡಾವ ಆಗ್ಲಿ, ತಾನಾ ತಿಳ್ಕೊಂತಾನ ಅಂದ. ಅವತ್ತು ಉಣ್ಲಿಲ್ಲ."

ಅಪ್ಪ ಗಾದಿಲಿಂಗಪ್ಪ ಹೈಸ್ಕೂಲಿನಲ್ಲಿ ಜವಾನನಾಗಿದ್ದ. ಹೋಟೆಲುಗಳಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದ ಕಾಲದಲ್ಲಿ, ಆ ಲೋಟಗಳನ್ನು ಬೀದಿಗೆ ತಂದು ಒಡೆದು ಠಾಣೆಯಲ್ಲಿ ಒಂದು ರಾತ್ರಿ ಕಳೆದು ಬಂದವನು. ನನಗೆ ಈ ಹೆಸರು ಇಟ್ಟವನೂ ಅವನೇ. ತೀರಿಕೊಂಡು ಒಂಬತ್ತು ವರ್ಷವಾಯಿತು. ನನಗೆ ಒಂದು ದಿನವೂ ಏನೂ ಹೇಳಲಿಲ್ಲ.

ಇದು ಆಟದ ವಿಷಯವಲ್ಲ. ಬರೆಯಬಾರದಿತ್ತು.

ಏಪ್ರಿಲ್ ೧೭, ಗುರುವಾರ

ಪಿಸಿ ಗೇಮಿಂಗ್ ಬಗ್ಗೆ. ಈಗ ಅದು ಹಣವಂತರ ಹುಚ್ಚು. ಗ್ರಾಫಿಕ್ಸ್ ಕಾರ್ಡಿನ ಬೆಲೆಗೆ ಒಂದು ಎಮ್ಮೆ ಬರುತ್ತದೆ, ಎಮ್ಮೆ ಹಾಲಾದರೂ ಕೊಡುತ್ತದೆ. ಎಂಬತ್ತು ಜಿಬಿ ಆಟ ಇಳಿಸಿಕೊಂಡ ಮೇಲೆ ನಲವತ್ತು ಜಿಬಿ ತೇಪೆ, ಅವರ ಭಾಷೆಯಲ್ಲಿ ಪ್ಯಾಚು. ಅರ್ಧ ಹೊಲಿದ ಅಂಗಿ ಮಾರಿ ಆಮೇಲೆ ತೋಳು ಕಳಿಸಿದ ಹಾಗೆ.

ಆದರೆ ೨೦೦೪ರಲ್ಲಿ ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಸೆಂಟರಿನಲ್ಲಿ ಆಡಿದ್ದು ಬೇರೆ. ನಾನು ಕೋರ್ಸಿಗೆಂದು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಆರು ಕಂಪ್ಯೂಟರಿಗೆ ಒಂದೇ ಕೇಬಲ್ ಎಳೆದು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಆರು ಜನಕ್ಕೂ ಒಂದೇ ಥರದ ಕೀಬೋರ್ಡು, ಒಂದೇ ಥರದ ಕುರ್ಚಿ. ಆಟಕ್ಕೆ ಸೇರುವಾಗ ಒಂದು ಹೆಸರು ಹಾಕಬೇಕಿತ್ತು. ಎಂಟು ತಿಂಗಳು ನಾನು "ಟೈಗರ್" ಆಗಿದ್ದೆ. ಯಾವ ಊರು, ಯಾರ ಮಗ ಎಂದು ಯಾರೂ ಕೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹಗುರಾಗಿ ಆಡಿದ್ದು ಇನ್ನೆಲ್ಲೂ ಇಲ್ಲ.

ಕಾರಣ ಮೌಸು. ಗುರಿ ಇಡುವುದಕ್ಕೆ ಮೌಸಿನಷ್ಟು ನಿಖರವಾದ ಸಾಧನ ಬೇರೆ ಇಲ್ಲ.

ಏಪ್ರಿಲ್ ೧೯, ಶನಿವಾರ

ಪಹಣಿಯ ಅರ್ಜಿಯೊಂದು ಬೇರೆ ಫೈಲಿಗೆ ಸೇರಿತ್ತು. ಜವಾನ ಮಾರಣ್ಣನಿಗೆ ಎಲ್ಲರ ಎದುರು ಬೈದೆ. ತಪ್ಪು ಅವನದಲ್ಲ, ಆಮೇಲೆ ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಸಂಜೆ ಅವನಿಗೆ ಚಹಾ ಕುಡಿಸಿದೆ.

ಬೋರ್ಡು ಆಗಿಲ್ಲ. ಪೆನ್ನು ಸರಿಯಿಲ್ಲ.

ಏಪ್ರಿಲ್ ೨೨, ಮಂಗಳವಾರ

ಹೊಸ ಕನ್ಸೋಲುಗಳಲ್ಲಿ ಮೆಚ್ಚುವಂಥದ್ದು ಒಂದೇ: ರಿಮೋಟಿಗೆ ವೈರಿಲ್ಲ. ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರೇ ಮೊದಲನೆಯವರು. ಎಲ್ಲದರಲ್ಲೂ ಎಲ್ಲ ಗುಂಡಿಗಳೂ ಇವೆ. ಉಳಿದದ್ದೆಲ್ಲ ಬರೀ ಅಬ್ಬರ.

ಶಿವಶಂಕರ ಮೂರು ಸಲ ಫೋನ್ ಮಾಡಿದ. ಬೋರ್ಡು ಬರೆಯುವ ಅಂಜಿನಿ ಕಾಯುತ್ತಿದ್ದಾನಂತೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ, ಕಚೇರಿಯಲ್ಲಿ ಕೆಲಸ ಅಂದೆ. ಅವನಿಗೆ ಸುಳ್ಳು ಹೇಳಿದ್ದು ಇದೇ ಮೊದಲಿರಬೇಕು.

ಟೇಬಲ್ಲಿನ ಮೇಲಿದ್ದ ಹಾಳೆಗಳನ್ನು ಶಿವಗಂಗಾ ನೋಡಿದಳು. ಏಳು ಹಾಳೆ. ಏಳರಲ್ಲೂ ಒಂದೇ ಒಂದು ಸಾಲು.

"ಮಕ್ಕಳು ಹೋಂವರ್ಕ್ ಹಿಂಗಾ ಬಿಟ್ಟು ಬರ್ತಾವು" ಅಂದಳು. "ಉತ್ತರ ಗೊತ್ತಿಲ್ಲದ ಮಕ್ಕಳಲ್ಲ. ಗೊತ್ತಿದ್ದು ಬರಿಯಾಕ ಅಂಜೋ ಮಕ್ಕಳು."

"ನನಗೇನು ಅಂಜಿಕಿ?"

"ಒಂದಾಗಿ ಆಡಿದ್ರು ಅಂತ ಬರದು ಕೊಡ್ರಿ ಮತ್ತ. ಒಂದು ನಿಮಿಷದ ಕೆಲಸ."

ನಾನು ಹಾಳೆಗಳನ್ನು ಎತ್ತಿಟ್ಟೆ. ಅವಳಿಗೆ ಗೊತ್ತಿಲ್ಲದ್ದು ಏನೆಂದರೆ, ಶಿವಶಂಕರನ ಜೊತೆ ಕೆಟ್ಟರೆ ನನಗೆ ಜೊತೆಗೆ ಆಡಲು ಈ ಊರಲ್ಲಿ ಇನ್ನೊಬ್ಬನಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಗಳಿಸಿದ ಗೆಳೆಯ ಅವನೊಬ್ಬನೇ.

ಏಪ್ರಿಲ್ ೨೬, ನಾಲ್ಕನೇ ಶನಿವಾರ

ಅಂಗಡಿಯಲ್ಲಿ ಮಷೀನುಗಳನ್ನು ಜೋಡಿಸಿ ನೋಡುವ ದಿನ. ಮಿತ್ರಾಗೆ ಬೇಸಿಗೆ ರಜೆ, ಜೊತೆಗೆ ಬಂದಳು. ಗೋಡೆಗೆ ಹೊಸ ಸುಣ್ಣ. ಹೊಸ್ತಿಲು ಅದೇ, ಕಟ್ಟೆ ಅದೇ. ಡಬ್ಬಾ ಟಿವಿ ಇಟ್ಟು ೧೯೯೭ರ ಮಷೀನು ಹಚ್ಚಿದೆ. ಟ್ಯಾಂಕಿನ ಆಟದ ಸಂಗೀತ ಬಂತು. ಶಿವಶಂಕರ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಪಕ್ಕೀರಪ್ಪನವರು ಕೋಲೂರಿಕೊಂಡು ಬಂದರು. ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ. ನನ್ನ ಬೆನ್ನು ಸವರಿದರು. ಮಿತ್ರಾಳನ್ನು ನೋಡಿದರು.

"ಗಾದಿಲಿಂಗನ ಮೊಮ್ಮಗಳೇನು?"

"ಹೌದ್ರಿ" ಅಂದೆ.

ಮುಖ ಅರಳಿತು. ಟೇಬಲ್ಲಿನ ಮೇಲೆ ಎರಡೂ ರಿಮೋಟು ಇದ್ದವು. ಉದ್ದ ವೈರಿನದನ್ನು ಎತ್ತಿ, ಸಿಕ್ಕು ಬಿಡಿಸಿ, ಪ್ರೀತಿಯಿಂದಲೇ ಅವಳ ಕೈಗೆ ಕೊಟ್ಟರು.

"ತಗಾ ಅವ್ವಿ. ನಿಮ್ಮಪ್ಪನೂ ಇದರಾಗ ಆಡ್ತಿದ್ದ. ಹೋಗು, ಕಟ್ಟಿ ಮ್ಯಾಲೆ ಕುಂದರು. ಅಲ್ಲಿ ಗಾಳಿ ಚಲೋ ಬರ್ತೈತಿ."

ಮಿತ್ರಾ ಮೇಲೆ ನೋಡಿದಳು.

"ಇಲ್ಲಿ ಫ್ಯಾನ್ ಐತಲ್ಲಜ್ಜಾ."

ಅಷ್ಟು ಹೇಳಿ ಟಿವಿಯ ಮುಂದೆ ಚಾಪೆಯ ಮೇಲೆ ಕುಳಿತುಬಿಟ್ಟಳು. ಕೈಯಲ್ಲಿದ್ದ ರಿಮೋಟನ್ನು ತಿರುಗಿಸಿ ನೋಡಿ, "ಇದರಾಗ ಸ್ಟಾರ್ಟಾ ಇಲ್ಲ" ಎಂದು ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಪಕ್ಕೀರಪ್ಪನವರಿಗೆ ಕೇಳಿಸಿತೋ ಇಲ್ಲವೋ. ಶಿವಶಂಕರನಿಗೆ ಕೇಳಿಸಿತು. ಅವನು ಫೋನ್ ತೆಗೆದು ಏನೋ ನೋಡತೊಡಗಿದ. ಫೋನಿನ ಪರದೆ ಕಪ್ಪಗಿತ್ತು.

ಫ್ಯಾನು ಮೂರು ರೆಕ್ಕೆಯದು. ೧೯೯೭ರಲ್ಲೂ ಅದೇ ಕೊಕ್ಕೆಗೆ ಒಂದು ಫ್ಯಾನಿತ್ತು, ಹಸಿರು ಬಣ್ಣದ್ದು. ಅದು ತಿರುಗುವುದನ್ನು ನಾನು ಕಟ್ಟೆಯಿಂದ ನೋಡುತ್ತಿದ್ದೆ. ಹೊರಗೆ ಗಾಳಿ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಕೊಟ್ಟೂರಿನ ಕಟ್ಟೆಯ ಮೇಲೆ ಯಾವ ಗಾಳಿ? ಕಲ್ಲು ಕಾದು ಚಡ್ಡಿ ಸುಡುತ್ತಿತ್ತು.

ಏಪ್ರಿಲ್ ೨೭, ಭಾನುವಾರ

ಬೆಳಿಗ್ಗೆ ಎದ್ದವನೇ ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಪೆನ್ನು ಅದೇ.

"ಪಕ್ಕೀರಪ್ಪನವರು ೧೯೯೭ರಲ್ಲಿ ಈ ಓಣಿಗೆ ವಿಡಿಯೋ ಗೇಮ್ ತಂದರು. ಊರಿನ ಮಕ್ಕಳು ಒಳಗೆ ಕುಳಿತು ಆಡಿದರು. ಕೇರಿಯ ಮಕ್ಕಳು ಹೊರಗಿನ ಕಟ್ಟೆಯ ಮೇಲೆ ಕುಳಿತು ಎರಡನೇ ರಿಮೋಟಿನಲ್ಲಿ ಮಾತ್ರ ಆಡಿದರು. ಆಟ ಶುರು ಮಾಡುವ ಗುಂಡಿ ಅದರಲ್ಲಿ ಇರಲಿಲ್ಲ."

ಅಂಗಡಿಗೆ ಹೋಗಿ ಶಿವಶಂಕರನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿದ. ಬೆವರು ಒರೆಸಿಕೊಂಡ.

"ಇದನ್ನ ಹಾಕಾಕ ಆಕೈತೇನಲೇ? ಅಪ್ಪ ಇನ್ನ ಅದಾನ."

"ನಾ ಸುಳ್ಳು ಬರದೀನೇನು?"

"ಸುಳ್ಳು ಅಂದ್ನೇನು ನಾನು? ಎಂಬತ್ತು ವರ್ಷದ ಮುದುಕ ಲೇ. ಮಂದಿ ಮುಂದ ಹೆಂಗ ತಲಿ ಎತ್ತಬೇಕು? ಅಪ್ಪ ಹೋಗೋತನಕ ತಡಿ. ಆಮ್ಯಾಲೆ ನಾನಾ ಹಾಕಸ್ತೀನಿ."

"ನಮ್ಮಪ್ಪ ತಡದ" ಅಂದೆ. "ತಡದು ತಡದು ಹೋಗ್ಯಾನ."

ನನ್ನ ದನಿ ಅಷ್ಟು ಜೋರಾಗುತ್ತದೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯವನು ಇಣುಕಿದ. ಬೋರ್ಡು ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು, ಆದರೆ ಒಂದಾಗಿ ಆಡಿದರು ಎಂದು ಬರೆಸುವುದಾದರೆ ನನ್ನ ಮಷೀನುಗಳನ್ನು ವಾಪಸ್ ಕಳಿಸು, ಎಂದು ಹೇಳಿ ಬಂದೆ.

ಬರುವಾಗ ಸಿಟ್ಟು ಇಳಿದಿತ್ತು. ಅವನು ಇನ್ನು ಫೋನ್ ಮಾಡಲಿಕ್ಕಿಲ್ಲ ಎಂದು ಅನಿಸಿತು.

ಏಪ್ರಿಲ್ ೨೮, ಸೋಮವಾರ

ಫೋನ್ ಬರಲಿಲ್ಲ. ಏನೂ ಆಡಲಿಲ್ಲ.

ಏಪ್ರಿಲ್ ೨೯, ಮಂಗಳವಾರ

ಕಚೇರಿಯಿಂದ ಬಂದಾಗ ಶಿವಶಂಕರ ನಮ್ಮ ಮನೆಯಲ್ಲಿ ಕುಳಿತಿದ್ದ. ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟಿದ್ದಳು, ಅರ್ಧ ತಿಂದಿದ್ದ. ನನ್ನನ್ನು ನೋಡಿ ತಟ್ಟೆ ಕೆಳಗಿಟ್ಟ.

"ಅಪ್ಪನ ಮುಂದ ಓದಿದೆ" ಅಂದ.

ನಾನು ಅಂಗಿ ಬಿಚ್ಚಿ ಮೊಳೆಗೆ ಹಾಕಿದೆ.

"ಎರಡು ಸಲ ಓದಿಸಿದ. ಆಮ್ಯಾಲೆ ಅಂದ, ಸುಳ್ಳೇನಿಲ್ಲ, ಆದ್ರ ಒಂದು ಬಿಟ್ಟಾನ. ಆ ಮಕ್ಕಳನ್ನ ಅಂಗಡಿ ಸನೇಕ ಬಿಡಬ್ಯಾಡ ಅಂತ ಓಣ್ಯಾರೆಲ್ಲ ಜಗಳಕ್ಕ ಬಂದಿದ್ರು. ನಾ ಸುಂಕಪ್ಪಗ ಹೇಳಿ ವೈರ್ ಉದ್ದ ಮಾಡ್ಸಿ ಆಡಾಕ ಬಿಟ್ಟೆ. ಅದನ್ನೂ ಬರಿ ಅನ್ನು, ಅಂದ."

"ಮತ್ತೇನಂದ?"

"ಅಷ್ಟಾ. ಗ್ವಾಡಿ ಕಡಿ ಮುಖ ಮಾಡಿ ಮಲಗಿದ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಂದ, "ನಾನೂ ಹೇಳ್ಬೇಕಲೇ. ಸ್ಟಾರ್ಟ್ ಒತ್ತಿ ನಿನಗ ಉಪಕಾರ ಮಾಡಾಕತ್ತೀನಿ ಅಂತಾ ಅಂದ್ಕೊಂಡಿದ್ದೆ ನಾನು. ನಿನ್ನಿತನಕ ಹಂಗಾ ಅಂದ್ಕೊಂಡಿದ್ದೆ. ಒಳಗ ಬಾ ಅಂತ ಒಂದ್ಸಲಾನೂ ಕರೀಲಿಲ್ಲ."

ಅವನ ಕಣ್ಣು ತುಂಬಿತ್ತು. ನನಗೆ ಅಳು ಬರಲಿಲ್ಲ. ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು, ಅದರ ಜಾಗದಲ್ಲಿ ನೋವು ಹೊಸದಾಗಿ ಶುರುವಾಯಿತು. ಅವನನ್ನು ಕ್ಷಮಿಸಿದೆನೋ ಇಲ್ಲವೋ ಗೊತ್ತಿಲ್ಲ. ಮಂಡಕ್ಕಿ ತಿನ್ನು ಅಂದೆ.

ಇಬ್ಬರೂ ಅಂಗಡಿಗೆ ಹೋದೆವು. ಅಂಜಿನಿ ಬಣ್ಣದ ಡಬ್ಬಿಗಳನ್ನು ಬಿಚ್ಚಿಟ್ಟುಕೊಂಡು ಬೆಳಕು ಹೋಗುವುದರೊಳಗೆ ಮುಗಿಸಬೇಕೆಂದು ಗೊಣಗುತ್ತಿದ್ದ. ಪಕ್ಕೀರಪ್ಪನವರು ಹೇಳಿದ್ದನ್ನು ನಾನು ಹಾಳೆಯ ಕೆಳಗೆ ಸೇರಿಸಿದೆ. ನಿಜ ಯಾರು ಹೇಳಿದರೂ ಸೇರಬೇಕು. ಅದರ ಮುಂದೆ ನನ್ನದೂ ಒಂದು ಸಾಲು ಬರೆದೆ.

"ಕೇರಿಯ ಮಕ್ಕಳನ್ನು ಸೇರಿಸಬಾರದೆಂದು ಓಣಿಯವರು ಜಗಳಕ್ಕೆ ಬಂದಾಗ, ಪಕ್ಕೀರಪ್ಪನವರು ಆ ರಿಮೋಟಿನ ವೈರನ್ನು ಇನ್ನೂ ಆರು ಅಡಿ ಉದ್ದ ಮಾಡಿಸಿ ಆಡಲು ಬಿಟ್ಟರು. ಒಳಗೆ ಕರೆದಿದ್ದರೆ ಇದ್ದ ವೈರೇ ಸಾಕಾಗುತ್ತಿತ್ತು."

ಅಂಜಿನಿ ಓದಿ ನನ್ನ ಮುಖ ನೋಡಿದ, ಶಿವಶಂಕರನ ಮುಖ ನೋಡಿದ.

"ಇದನ್ನಾ ಬರಿಯಾದೇನ್ರಿ? ಕೆಳಗ ಯಾರ ಹೆಸರು ಹಾಕ್ಲಿ?"

"ಬರಿ" ಅಂದ ಶಿವಶಂಕರ. "ನನ್ನ ಹೆಸರು ಹಾಕು. ಇವಂದು ಬ್ಯಾಡ. ನಾಳಿ ಯಾವನರ ಕುಡುದು ಇವರ ಮನಿತನ ಹೋದಾನು."

ಅವನು ಒಳ್ಳೆಯದಕ್ಕೇ ಹೇಳಿದ. ಒಂದು ಗಳಿಗೆ, ಹಾಗೇ ಇರಲಿ ಎಂದು ನನಗೂ ಅನಿಸಿತು. ಕಚೇರಿ ಇದೆ, ಮನೆಯಲ್ಲಿ ಅವ್ವ ಇದ್ದಾಳೆ, ಮಗಳಿದ್ದಾಳೆ.

"ಬ್ಯಾಡ" ಅಂದೆ. "ಬರದಾವ ನಾನು. ನನ್ನ ಹೆಸರಾ ಹಾಕು ಅಂಜಿನಿ. ಪೂರ್ತಿ ಹಾಕು. ಕೇರಿ ಗಾದಿಲಿಂಗಪ್ಪನ ಮಗ ಕ್ರಾಂತಿಕುಮಾರ್."

ಅಪ್ಪನ ಹೆಸರನ್ನು ಮೆಲ್ಲಗೆ ಹೇಳಿದ್ದೆ. ಅಂಜಿನಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿಸಿದ. ಇನ್ನೊಂದು ಸಲ ಹೇಳಿದೆ, ಓಣಿಗೆಲ್ಲ ಕೇಳುವ ಹಾಗೆ.